ಜ್ವರ ಬಿಟ್ಟರೂ ಬಿಡದ ಸುಸ್ತು

ರಜೆ ಅರ್ಜಿಯಲ್ಲಿ ನಾವು ಎರಡು ದಿನಾಂಕ ಬರೆಯುತ್ತೇವೆ: ಇಂಥ ದಿನದಿಂದ, ಇಂಥ ದಿನದವರೆಗೆ. ಕೆಲವು ಕಾಯಿಲೆಗಳಿಗೆ ಆ ಎರಡನೇ ದಿನಾಂಕವೇ ಗೊತ್ತಿರುವುದಿಲ್ಲ. ಡೆಂಗಿ, ಚಿಕುನ್‌ಗುನ್ಯ, ಕೋವಿಡ್ ಬಂದವರಲ್ಲಿ ಜ್ವರ ಒಂದೆರಡು ವಾರದಲ್ಲಿ ಇಳಿಯುತ್ತದೆ. ಆದರೆ ಕೆಲವರಿಗೆ ಸುಸ್ತು, ಕೀಲುನೋವು, ತಲೆ ಮಂಕಾಗುವುದು, ನಿದ್ದೆ ಕೆಡುವುದು ತಿಂಗಳುಗಟ್ಟಲೆ ಉಳಿಯುತ್ತದೆ. ಇಂಥವರಿಗೆ ಫೋನಿನ ಮೂಲಕ ಎಷ್ಟು ನೆರವು ಸಿಗಬಹುದು, ನಮ್ಮ ಕಾಲೇಜು ಏನು ಮಾಡಬಹುದು ಎಂಬುದೇ ಈ ಲೇಖನದ ವಿಷಯ.

ಇದು ನಮ್ಮ ರಾಜ್ಯಕ್ಕೆ ಹೊಸದಲ್ಲ. 2006ರಲ್ಲಿ ಚಿಕುನ್‌ಗುನ್ಯ ಕರ್ನಾಟಕದ ಊರೂರನ್ನೇ ಮಲಗಿಸಿತ್ತು. ಆ ಹೆಸರು ಆಫ್ರಿಕಾದ ಮಕೊಂಡೆ ಭಾಷೆಯದು. ನೋವಿನಿಂದ ಬಾಗಿ ಹೋಗುವುದು ಎಂದು ಅದರ ಅರ್ಥ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು. ಕೋವಿಡ್ ನಂತರ ಉಳಿಯುವ ತೊಂದರೆಗೆ ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲೇ ವ್ಯಾಖ್ಯೆ ಕೊಟ್ಟಿದೆ: ಸಾಮಾನ್ಯವಾಗಿ ಸೋಂಕಿನ ಮೂರು ತಿಂಗಳ ನಂತರ ಕಾಣುವ, ಕನಿಷ್ಠ ಎರಡು ತಿಂಗಳು ಇರುವ, ಬೇರೆ ಕಾರಣ ಸಿಗದ ಲಕ್ಷಣಗಳು. ಅಂದರೆ ಇದು ಸೋಮಾರಿತನವಲ್ಲ, ನೆಪವೂ ಅಲ್ಲ.

ನಮ್ಮ ಮನೆ ಆರ್.ಟಿ. ನಗರದಲ್ಲಿದೆ. ಕಳೆದ ಮಳೆಗಾಲದಲ್ಲಿ ನನ್ನ ಆಪಾಗೆ ಚಿಕುನ್‌ಗುನ್ಯ ಬಂತು. ಜ್ವರ ಹೋಯಿತು, ಆದರೆ ಬೆಳಿಗ್ಗೆ ಬೆರಳು ಮಡಿಚಲು ಆಗುತ್ತಿರಲಿಲ್ಲ. ಹೆಬ್ಬಾಳದಲ್ಲಿ ಬಸ್ ಬದಲಿಸಿ ಡಿಗ್ರಿ ಕಾಲೇಜಿಗೆ ಹೋಗಿ ಬಂದರೆ ಸಂಜೆ ಮಾತಾಡುವ ಶಕ್ತಿಯೂ ಇರುತ್ತಿರಲಿಲ್ಲ. ತೋರಿಸಿದ ಕಡೆ "ರಿಪೋರ್ಟ್ ನಾರ್ಮಲ್ ಇದೆ, ಟೆನ್ಷನ್ ಮಾಡ್ಕೋಬೇಡಿ" ಎಂದರು. ಮನೆಗೆ ಬಂದ ಖಾಲಾ "ದಿನವಿಡೀ ಮೊಬೈಲ್ ನೋಡಿದರೆ ಹೀಗೇ ಆಗೋದು" ಎಂದರು. ಆದರೆ ಆಪಾಗೆ ಸ್ವಲ್ಪ ದಾರಿ ತೋರಿಸಿದ್ದು ಆ ಮೊಬೈಲೇ. ದಿನ ಮಾಡಿದ ಕೆಲಸ, ನೋವು, ನಿದ್ದೆ ಎಲ್ಲವನ್ನೂ ಅವಳು ಫೋನಿನಲ್ಲಿ ಎರಡು ಸಾಲು ಬರೆದಿಡತೊಡಗಿದಳು. ಮೂರು ವಾರ ಕಳೆದ ಮೇಲೆ ಒಂದು ವಿಷಯ ಸ್ಪಷ್ಟವಾಯಿತು. ಮೈ ಹಗುರವಾದ ದಿನ ಬಾಕಿ ಕೆಲಸವನ್ನೆಲ್ಲ ಮುಗಿಸಿದರೆ, ಮುಂದಿನ ಎರಡು ದಿನ ಹಾಸಿಗೆ. ಆಮೇಲೆ ಅವಳು ಕೆಲಸವನ್ನು ಹಂಚಿಕೊಂಡಳು, ವಿಶ್ರಾಂತಿಗೂ ಅಲಾರಂ ಇಟ್ಟಳು. ನೋವು ಪೂರ್ತಿ ಹೋಗಿಲ್ಲ. ಆದರೆ ಹಾಸಿಗೆ ಹಿಡಿಯುವ ದಿನಗಳು ಕಡಿಮೆಯಾದವು.

ಕಾಯಿಲೆಯ ಜೊತೆ ಬದುಕುವ ಕೌಶಲ ಎಂದರೆ ಹೆಚ್ಚು ಕಡಿಮೆ ಇದೇ: ಶಕ್ತಿಯನ್ನು ಅಳೆದು ಖರ್ಚು ಮಾಡುವುದು, ನಿದ್ದೆಯ ಹೊತ್ತು ಕಾಯುವುದು, ಉಸಿರಾಟದ ಅಭ್ಯಾಸ, ಆತಂಕವನ್ನು ಒಬ್ಬರ ಬಳಿ ಹೇಳಿಕೊಳ್ಳುವುದು. ಇದನ್ನು ಆನ್‌ಲೈನ್‌ನಲ್ಲಿ ಕಲಿಸಬಹುದು ಎಂಬುದಕ್ಕೆ ಆಧಾರವಿದೆ. ಬ್ರಿಟನ್ನಿನ 'ರೀಗೇನ್' ಅಧ್ಯಯನದಲ್ಲಿ, ಕೋವಿಡ್‌ನಿಂದ ಆಸ್ಪತ್ರೆ ಸೇರಿ ಬಂದು ತಿಂಗಳುಗಳಾದರೂ ಚೇತರಿಸದ 585 ವಯಸ್ಕರು ಭಾಗವಹಿಸಿದ್ದರು. ಮಾರ್ಗದರ್ಶಕರ ಜೊತೆ ಎಂಟು ವಾರ ಆನ್‌ಲೈನ್ ಗುಂಪಿನಲ್ಲಿದ್ದವರ ಬದುಕಿನ ಗುಣಮಟ್ಟ ಉಳಿದವರಿಗಿಂತ ಸುಧಾರಿಸಿತು ಎಂದು 2024ರಲ್ಲಿ ಪ್ರಕಟವಾಯಿತು. ಸುಧಾರಣೆ ದೊಡ್ಡದಲ್ಲ, ಆದರೆ ನಿಜವಾದದ್ದು. ಅಲ್ಲಿ ಆ್ಯಪ್ ಒಂದೇ ಇರಲಿಲ್ಲ, ಮಾತಾಡಿಸುವ ಮನುಷ್ಯರೂ ಇದ್ದರು ಎಂಬುದನ್ನು ಗಮನಿಸಬೇಕು.

ನಮ್ಮ ಬೆಂಗಳೂರಿನಲ್ಲೂ ಒಂದು ದಾರಿ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ ನಿಮ್ಹಾನ್ಸ್ ಮುಖ್ಯ ಕೇಂದ್ರ. 14416ಕ್ಕೆ ಕರೆ ಮಾಡಿದರೆ ದಿನದ 24 ಗಂಟೆಯೂ ಉಚಿತವಾಗಿ, ಕನ್ನಡ ಸೇರಿದಂತೆ ಹಲವು ಭಾಷೆಗಳಲ್ಲಿ ಆಪ್ತಸಲಹೆ ಸಿಗುತ್ತದೆ. ಇದು ಕೀಲುನೋವಿಗೆ ಔಷಧ ಕೊಡುವ ಕೇಂದ್ರವಲ್ಲ. ದೀರ್ಘ ಕಾಯಿಲೆಯ ಜೊತೆ ಬರುವ ನಿದ್ರಾಹೀನತೆ, ಪರೀಕ್ಷೆಯ ಭಯ, "ಯಾರೂ ನನ್ನನ್ನು ನಂಬುತ್ತಿಲ್ಲ" ಎಂಬ ಸಂಕಟಕ್ಕೆ ಕಿವಿಗೊಡುವ ಕೇಂದ್ರ.

ಹಾಗೆಂದು ಫೋನು ಎಲ್ಲವನ್ನೂ ಸರಿಮಾಡುತ್ತದೆ ಎಂದು ನಾನು ಹೇಳುವುದಿಲ್ಲ. ಮೊದಲನೆಯದಾಗಿ, ಇದು ವೈದ್ಯರ ಬದಲಿಯಲ್ಲ. ಉಸಿರಾಟದ ತೊಂದರೆ, ಎದೆನೋವು ಬಂದರೆ ಆ್ಯಪ್ ತೆರೆಯಬಾರದು, ಆಸ್ಪತ್ರೆಗೆ ಹೋಗಬೇಕು. ಎರಡನೆಯದಾಗಿ, ಯೂಟ್ಯೂಬ್ ನೋಡಿ "ಎದ್ದು ಓಡಾಡು, ವ್ಯಾಯಾಮ ಮಾಡು" ಎಂದು ಎಲ್ಲರಿಗೂ ಹೇಳಬಾರದು. ಶ್ರಮಪಟ್ಟ ಮೇಲೆ ಲಕ್ಷಣಗಳು ಹೆಚ್ಚಾಗುವವರೂ ಇದ್ದಾರೆ. ಅವರಿಗೆ ಒತ್ತಾಯದ ವ್ಯಾಯಾಮ ಹಾನಿ ಮಾಡಬಹುದು. ಮೂರನೆಯದಾಗಿ, ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಒಂದೇ ಸ್ಮಾರ್ಟ್‌ಫೋನ್, ಅದೂ ಅಬ್ಬಾ ಅಥವಾ ಭಾಯಿಯ ಜೇಬಿನಲ್ಲಿ. ಆ ಮನೆಯ ಹುಡುಗಿಗೆ ಇಂಗ್ಲಿಷ್ ಆ್ಯಪ್‌ನಿಂದ ಏನು ಉಪಯೋಗ? ಅವಳಿಗೆ ಬೇಕಾದದ್ದು ಒಂದು ಕರೆ, ಅವಳ ಭಾಷೆಯಲ್ಲಿ.

ಇಲ್ಲಿ ಕಾಲೇಜಿನ ಪಾತ್ರ ಬರುತ್ತದೆ. ಪಿಯು ಪರೀಕ್ಷೆಗೆ ಕೂರಲು ಶೇ 75 ಹಾಜರಾತಿ ಬೇಕು. ಆ ನಿಯಮ ಇಲಾಖೆಯದು, ನಮ್ಮ ಪ್ರಾಂಶುಪಾಲರು ಬದಲಿಸಲಾರರು. ಆದರೆ ಡಿಸೆಂಬರ್‌ನಲ್ಲಿ ಶಾರ್ಟೇಜ್ ಪಟ್ಟಿ ಅಂಟಿಸುವವರೆಗೆ ಕಾಯಬೇಕಿಲ್ಲ. ಎರಡು ವಾರಕ್ಕಿಂತ ಹೆಚ್ಚು ಗೈರಾದವರಿಗೆ ಒಬ್ಬ ಉಪನ್ಯಾಸಕರು ವಾರಕ್ಕೊಮ್ಮೆ ಫೋನ್ ಮಾಡಲಿ. ಪಾಠದ ಸಾರಾಂಶವನ್ನು ಐದು ನಿಮಿಷದ ಆಡಿಯೊ ಮಾಡಿ ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲಿ, ಮಲಗಿದ್ದವರೂ ಕೇಳಬಹುದು. ಮರಳಿ ಬಂದವರಿಗೆ ಮೊದಲ ದಿನಗಳಲ್ಲಿ ಮೂರನೇ ಮಹಡಿ ಹತ್ತಿಸದಿರಲಿ.

ನಿಂತು ನಮಾಜ್ ಮಾಡಲಾಗದವರು ಕೂತು ಮಾಡಬಹುದು, ಕೂರಲಾಗದವರು ಮಲಗಿಯೇ ಮಾಡಬಹುದು ಎಂದು ನಮಗೆಲ್ಲ ಚಿಕ್ಕಂದಿನಲ್ಲೇ ಕಲಿಸಿದ್ದಾರೆ. ಕಾಯಿಲೆಯವರ ಕರ್ತವ್ಯ ಹೋಗುವುದಿಲ್ಲ, ಅದನ್ನು ಮಾಡುವ ರೀತಿ ಸುಲಭವಾಗುತ್ತದೆ. ಓದಿನ ವಿಷಯದಲ್ಲೂ ನಾನು ಕೇಳುತ್ತಿರುವುದು ಅಷ್ಟೇ.

ಸಹಪಾಠಿಗಳೇ, ನಮ್ಮ ಕೈಲಾದದ್ದೂ ಇದೆ. "ಇನ್ನೂ ವಾಸಿ ಆಗಿಲ್ವಾ?" ಎನ್ನುವ ಬದಲು "ಇವತ್ತಿನ ನೋಟ್ಸ್ ಕಳಿಸ್ಲಾ?" ಎಂದು ಕೇಳೋಣ. 14416 ಸಂಖ್ಯೆಯನ್ನು, ಶಕ್ತಿ ಹಂಚಿಕೊಳ್ಳುವ ನಾಲ್ಕು ಸಲಹೆಗಳ ಜೊತೆ ನೋಟಿಸ್ ಬೋರ್ಡಿನಲ್ಲಿ ಹಾಕಲು ಅನುಮತಿ ಕೇಳುತ್ತಿದ್ದೇನೆ. ಕನ್ನಡದಲ್ಲಿ ನಾನು ಬರೆಯುತ್ತೇನೆ. ಉರ್ದುವಿನಲ್ಲಿ ಚೆನ್ನಾಗಿ ಬರೆಯುವವರು ಯಾರಾದರೂ ಮುಂದೆ ಬನ್ನಿ.