ಬಕಾಸುರನಿಗೂ ಬಳಗವಿತ್ತು

ಈ ಸಲದ ದೀಪಾವಳಿಗೆ ಮಗಳ ಮನೆಯವರೆಲ್ಲ ತಿಳವಳ್ಳಿಗೆ ಬಂದಿದ್ದರು. ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗ ತನ್ನ ಆಟದ ಪೆಟ್ಟಿಗೆಯನ್ನೂ ಹೊತ್ತು ತಂದು ಪಡಸಾಲೆಯ ಟಿ.ವಿ.ಗೆ ಜೋಡಿಸಿಕೊಂಡು ಕುಳಿತಿದ್ದ. ಪರದೆಯ ಮೇಲೆ ಬೆಟ್ಟದಷ್ಟು ದೊಡ್ಡ ಒಂದು ಹೆಣ ಹಿಮದಲ್ಲಿ ಬಿದ್ದಿತ್ತು. ನೋಡುತ್ತಿದ್ದ ನನ್ನ ತಮ್ಮನಿಗೆ ತಡೆಯಲಾಗಲಿಲ್ಲ. "ಇಂಥಾವೆಲ್ಲ ಆಡೇ ಈಗಿನ ಹುಡುಗರ ತಲಿ ಕೆಟ್ಟಾವ. ಆ ಪರದೇಶದ ರಾಕ್ಷಸರನ್ನ ನೋಡೂದು ಬಿಟ್ಟು ನಮ್ಮ ಪುರಾಣ ಓದಬಾರದೇನು?" ಎಂದ. ಮೊಮ್ಮಗ ತಲೆಯೆತ್ತದೆ, "ಅವರು ರಾಕ್ಷಸರಲ್ಲ ಸಣ್ಣಜ್ಜ. ಅವರನ್ನೇ ಕೊಂದು ಹಾಕಿದ್ದಾರೆ" ಎಂದ.

ಈ ಪುಟವನ್ನು ಓದುವ ಬಂಧುಗಳಲ್ಲಿ ಅನೇಕರು ನನ್ನ ತಮ್ಮನ ಪಕ್ಷದವರೆಂದು ಬಲ್ಲೆ. ನಾನು ಆ ಪಕ್ಷದವನಲ್ಲ. ತಮ್ಮನು ಸಿಟ್ಟಾಗಬಾರದೆಂದು ಮೊದಲೇ ಕೇಳಿಕೊಂಡು, ನನ್ನ ತಕರಾರನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಆಟದ ಹೆಸರು 'ಗಾಡ್ ಆಫ್ ವಾರ್'. ಈ ಮಾಲಿಕೆಯ ಹಳೆಯ ಕಂತುಗಳು ಗ್ರೀಕ್ ಪುರಾಣವನ್ನು ಆಧರಿಸಿದ್ದವು. 2018 ಮತ್ತು 2022ರ ಕಂತುಗಳು ನಾರ್ವೆ, ಐಸ್‌ಲೆಂಡ್ ಕಡೆಯ ಪುರಾಣವನ್ನು ಎತ್ತಿಕೊಂಡಿವೆ. ಕ್ರೇಟೋಸ್ ಎಂಬ ತಂದೆ, ಅಟ್ರಿಯಸ್ ಎಂಬ ಮಗ. ತೀರಿಕೊಂಡ ತಾಯಿಯ ಚಿತಾಭಸ್ಮವನ್ನು ಲೋಕಗಳಲ್ಲೆಲ್ಲ ಅತ್ಯಂತ ಎತ್ತರದ ಶಿಖರದಿಂದ ತೂರಬೇಕೆಂಬುದು ಅವಳ ಕೊನೆಯ ಆಸೆ. ಆ ಶಿಖರವಿರುವುದು ಯೋಟುನ್ ಎಂದು ಕರೆಯಲ್ಪಡುವ ದೈತ್ಯರ ನಾಡಿನಲ್ಲಿ. ಅಲ್ಲಿ ತಲುಪಿದ ಮೇಲೆ ಹುಡುಗನಿಗೆ ತಿಳಿಯುತ್ತದೆ, ತನ್ನ ತಾಯಿಯೂ ದೈತ್ಯ ಕುಲದವಳೇ ಎಂದು. ಅವಳು ಗಾತ್ರದಲ್ಲಿ ನಮ್ಮ ನಿಮ್ಮಂತೆಯೇ ಇದ್ದವಳು. ಆ ಕುಲವನ್ನು ಓಡಿನ್ ಎಂಬ ದೇವರಾಜನೂ ಅವನ ಮಗ ಥಾರನೂ ಬಹುಮಟ್ಟಿಗೆ ಅಳಿಸಿ ಹಾಕಿದ್ದಾರೆ.

ನಮ್ಮ ಪಡಸಾಲೆಯಲ್ಲಿ ಕಂಡ ಹೆಣ ಥಾಮುರ್ ಎಂಬ ಕಲ್ಲುಕುಟಿಗ ದೈತ್ಯನದು. ಅವನ ಉಳಿಯೂ ಅಲ್ಲೇ ಬಿದ್ದಿತ್ತು. ಜಗಳವಾಡಿ ಮನೆಬಿಟ್ಟು ಹೋದ ಮಗನನ್ನು ಹುಡುಕುತ್ತ ಬಂದವನು ಥಾರನ ಕೈಗೆ ಸಿಕ್ಕು ಸತ್ತ, ಎಂದು ಆಟದೊಳಗಿನ ಮುದುಕನೊಬ್ಬ ಹೇಳುತ್ತಾನೆ. ಮೊಮ್ಮಗ ಆ ಮಾತು ಮುಗಿಯುವವರೆಗೆ ಕೈಯಲ್ಲಿದ್ದ ಗುಂಡಿಗಳನ್ನು ಒತ್ತಲಿಲ್ಲ.

ಇನ್ನು ತಮ್ಮನ ಮಾತಿಗೆ ಬರೋಣ. ನಮ್ಮ ಪುರಾಣ ಓದಲಿ ಎನ್ನುತ್ತಾನೆ. ಯಾವ ಪುರಾಣ? ಮಕ್ಕಳಿಗೆ ನಾವು ಇಂದು ಕೊಡುತ್ತಿರುವ ಪುರಾಣದಲ್ಲಿ ರಾಕ್ಷಸನೆಂದರೆ ಕರಿ ಮೈ, ಕೋರೆಹಲ್ಲು, ದಪ್ಪ ಹೊಟ್ಟೆ, ಮಂದ ಬುದ್ಧಿ. ಅವನಿಗೆ ತಾಯಿಯಿಲ್ಲ, ಮಕ್ಕಳಿಲ್ಲ. ನಾಲ್ಕನೆಯ ಪುಟದಲ್ಲಿ ಬರುತ್ತಾನೆ, ಆರನೆಯ ಪುಟದಲ್ಲಿ ಸಾಯುತ್ತಾನೆ. ಕಾರ್ಟೂನುಗಳಲ್ಲಂತೂ ಆರು ಪುಟದ ಪುರಸೊತ್ತೂ ಇಲ್ಲ.

ವ್ಯಾಸಭಾರತ ಹಾಗಿಲ್ಲ. ಏಕಚಕ್ರ ನಗರದ ಬಕನನ್ನೇ ತೆಗೆದುಕೊಳ್ಳಿ. ಅಲ್ಲಿಯ ಅರಸ ಪ್ರಜೆಗಳನ್ನು ಕಾಯಲಾರದ ಅಶಕ್ತ. ಆ ನಾಡನ್ನು ಶತ್ರುಗಳಿಂದ ಕಾಯುತ್ತಿದ್ದವನು ಬಕ. ಒಂದು ಬಂಡಿ ಅನ್ನ, ಎರಡು ಕೋಣ, ಒಬ್ಬ ಮನುಷ್ಯ, ಇದು ಅವನಿಗೆ ಸಲ್ಲುವ ವೇತನವೆಂದು ಊರಿನ ಬ್ರಾಹ್ಮಣನೇ ಕುಂತಿಗೆ ವಿವರಿಸುತ್ತಾನೆ. ಕ್ರೂರ ಒಪ್ಪಂದ, ಸಂದೇಹವಿಲ್ಲ. ಆದರೆ ಒಪ್ಪಂದ. ಬಕನು ಸತ್ತಾಗ ಅವನ ಬಳಗ ಕೂಗು ಕೇಳಿ ಹೊರಗೆ ಬರುತ್ತದೆ. ಭೀಮನು ಅವರನ್ನು ಕೊಲ್ಲುವುದಿಲ್ಲ, ಇನ್ನು ಮನುಷ್ಯರನ್ನು ಹಿಂಸಿಸಕೂಡದೆಂದು ಮಾತು ತೆಗೆದುಕೊಂಡು ಬಿಡುತ್ತಾನೆ. ಮುಂದೆ ವನಪರ್ವದಲ್ಲಿ ಕಾಮ್ಯಕ ವನದ ದಾರಿಗೆ ಅಡ್ಡ ನಿಲ್ಲುವ ಕಿರ್ಮೀರನು ಬಕನ ಸೋದರ, ಹಿಡಿಂಬನ ಗೆಳೆಯ. ಅವನು ಬಂದಿರುವುದು ಅವರಿಬ್ಬರ ಸಾವಿನ ಲೆಕ್ಕ ಕೇಳಲು. ಯುದ್ಧಪರ್ವದಲ್ಲಿ ಕೌರವರ ಕಡೆ ಬರುವ ಅಲಾಯುಧನೂ ಬಕನ ಬಂಧುವೇ. ಎಷ್ಟು ವರ್ಷಗಳ ತನಕ ಈ ದುಃಖವನ್ನು ವ್ಯಾಸರು ಹಿಡಿದಿಟ್ಟಿದ್ದಾರೆ ನೋಡಿ! ಅದನ್ನು ಬಿಟ್ಟುಬಿಟ್ಟವರು ನಾವು.

ಮೂವತ್ತು ವರ್ಷ ಕನ್ನಡ ಕಲಿಸಿದ ಮೇಲೂ ಶಬ್ದದ ಚಾಳಿ ಬಿಡದು. 'ದೈತ್ಯ'ನೆಂದರೆ ದಿತಿಯ ಮಗ. ಶಬ್ದದೊಳಗೇ ತಾಯಿ ಕುಳಿತಿದ್ದಾಳೆ. ಆಕೆಯೂ ದೇವತೆಗಳ ತಾಯಿ ಅದಿತಿಯೂ ಅಕ್ಕತಂಗಿಯರು, ಇಬ್ಬರಿಗೂ ಕಶ್ಯಪನೇ ಗಂಡ. 'ರಾಕ್ಷಸ' ಶಬ್ದಕ್ಕೆ ವಾಲ್ಮೀಕಿ ರಾಮಾಯಣದ ಉತ್ತರಕಾಂಡ ಕೊಡುವ ಅರ್ಥ 'ರಕ್ಷಿಸುತ್ತೇವೆ ಎಂದವರು'. 13ನೆಯ ಶತಮಾನದಲ್ಲಿ ಐಸ್‌ಲೆಂಡಿನ ಸ್ನೋರಿ ಸ್ಟರ್ಲುಸನ್ ಬರೆದಿಟ್ಟ 'ಎಡ್ಡಾ'ದಲ್ಲಿಯೂ ಇದೇ ಸಂಸಾರ. ಓಡಿನ್ನನ ತಾಯಿ ಬೆಸ್ಟ್ಲಾ ದೈತ್ಯ ಕುಲದ ಮಗಳು. ಅಲ್ಲಿಯ ದೇವತೆಗಳು ದೈತ್ಯನೊಬ್ಬನಿಂದ ಕೋಟೆ ಕಟ್ಟಿಸಿಕೊಂಡು, ಕೂಲಿ ಕೊಡುವ ಹೊತ್ತಿಗೆ ಮೋಸ ಮಾಡಿ, ಥಾರನಿಂದ ಅವನ ತಲೆ ಒಡೆಸುತ್ತಾರೆ.

ರಾಕ್ಷಸರಿಗೂ ಕುಲ, ಮನೆ, ಮರ್ಯಾದೆ ಉಂಟೆಂಬ ವಿಚಾರ ಪರದೇಶದ ಕಂಪನಿ ಕಂಡುಹಿಡಿದದ್ದೇನೂ ಅಲ್ಲ. ಒಂಬೈನೂರು ವರ್ಷಗಳ ಹಿಂದೆಯೇ ನಮ್ಮ ನಾಗಚಂದ್ರನು 'ರಾಮಚಂದ್ರಚರಿತ ಪುರಾಣ'ದಲ್ಲಿ ಅದನ್ನು ಬರೆದಿದ್ದಾನೆ. ಜೈನ ಪರಂಪರೆಯಲ್ಲಿ ರಾಕ್ಷಸವೆಂಬುದು ವಿದ್ಯಾಧರರ ಒಂದು ವಂಶದ ಹೆಸರು. ರಾವಣನಿಗೆ ಹತ್ತು ತಲೆಗಳಿಲ್ಲ. ಕೊರಳ ಹಾರದ ಮಣಿಗಳಲ್ಲಿ ಅವನ ಮುಖವೇ ಒಂಬತ್ತಾಗಿ ಪ್ರತಿಫಲಿಸಿದ್ದರಿಂದ ದಶಮುಖನೆಂಬ ಹೆಸರು. ಕುವೆಂಪು ಅವರ ರಾವಣನೂ ಮನಸ್ಸು ತಿರುಗಿದವನೇ. ಹಾನಗಲ್ಲ ಸೀಮೆಯ ಹಳ್ಳಿಗಳಲ್ಲಿ ನಾನು ಕಂಡ ದೊಡ್ಡಾಟಗಳಲ್ಲಿ ರಾಕ್ಷಸ ಪಾತ್ರ ಸಿಗಲೆಂದು ಕಲಾವಿದರ ನಡುವೆ ಪೈಪೋಟಿ ನಡೆಯುತ್ತಿತ್ತು. ರಂಗಕ್ಕೆ ಬಂದೊಡನೆ ಸಾರಥಿಯು ನೀವಾರು, ಯಾವ ದೇಶ, ಎಂದು ಕೇಳಬೇಕು. ಆತ ತನ್ನ ಕುಲಗೋತ್ರ, ಬಿರುದು ಬಾವಲಿಗಳನ್ನು ಹೇಳಿಕೊಳ್ಳಬೇಕು. ಭೀಮನಿಗೆ ಎಷ್ಟು ಮಾತೋ ಅವನಿಗೂ ಅಷ್ಟೇ ಮಾತು. ಇದನ್ನೆಲ್ಲ ಬೆಳತನಕ ಕುಳಿತು ನೋಡಿದ ನನ್ನ ತಮ್ಮ ಇಂದು 'ಪರದೇಶದ ರಾಕ್ಷಸರು' ಎನ್ನುತ್ತಾನೆ.

ಹಾಗೆಂದು ಆಟವನ್ನು ಹೊಗಳಲು ಹೊರಟವನಲ್ಲ ನಾನು. ದೈತ್ಯರ ಸಂಹಾರಕ್ಕೆ ಕಣ್ಣೀರು ಹಾಕಿಸುವ ಅದೇ ಆಟ ಹೆಜ್ಜೆ ಹೆಜ್ಜೆಗೆ ಕೊಡಲಿಯಿಂದ ಕಡಿಸುತ್ತದೆ; ಹದಿನೆಂಟು ತುಂಬದವರ ಕೈಗೆ ಕೊಡುವ ವಸ್ತುವಲ್ಲ. ಮೇಲಾಗಿ ಅದರ ದೈತ್ಯರು ಬಹುಪಾಲು ಜ್ಞಾನಿಗಳು, ಶಾಂತರು, ನಿರಪರಾಧಿಗಳು. ಎಡ್ಡಾದ ದೈತ್ಯರಲ್ಲಿ ಓಡಿನ್ನನೊಡನೆ ವಾದಕ್ಕೆ ಕೂಡುವ ಪಂಡಿತನೂ ಇದ್ದಾನೆ, ಥಾರನ ಸುತ್ತಿಗೆಯನ್ನೇ ಕದ್ದ ಕಳ್ಳನೂ ಇದ್ದಾನೆ. ದುಷ್ಟರನ್ನು ಸಾಧುಗಳಾಗಿ ತಿರುವಿಟ್ಟರೆ ಲೆಕ್ಕದ ಉತ್ತರವೇನೂ ಸರಿಯಾಗದು. ಆದರೆ ಸತ್ತವರಿಗೆ ಹೆಸರು, ಕಸುಬು, ಮಗ, ಜಗಳ ಇವನ್ನಾದರೂ ಅದು ಕೊಟ್ಟಿದೆ. ನಾವು ಬಕನಿಗೆ ಅಷ್ಟೂ ಉಳಿಸಲಿಲ್ಲ.

ನಾನು ಇಷ್ಟು ಕಟುವಾಗಿ ಬರೆಯುತ್ತಿರುವುದಕ್ಕೆ ಬೇರೆ ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಅದು ನೆನಪಿರಬಹುದು. ಮಾಸ್ತರಿಕೆಯ ಆರಂಭದ ದಿನಗಳು. ಊರಿನ ಹೆಸರು ಬೇಡ. ಏಳನೆಯ ತರಗತಿಯಲ್ಲಿ ವಯಸ್ಸಿಗೆ ಮೀರಿ ಬೆಳೆದ, ಕಪ್ಪು ಮೈಬಣ್ಣದ ಹುಡುಗನೊಬ್ಬನಿದ್ದ. ನಸುಕಿನಲ್ಲಿ ಹೊಲದ ಕೆಲಸ ಮುಗಿಸಿ ಶಾಲೆಗೆ ಬರುತ್ತಿದ್ದ. ಅವನ ಬುತ್ತಿಯಲ್ಲಿ ನಾಲ್ಕೈದು ಜೋಳದ ರೊಟ್ಟಿಗಳಿರುತ್ತಿದ್ದವು. ಬಕಾಸುರನ ಪಾಠ ಮಾಡುತ್ತ ಒಂದು ದಿನ ನಾನು ಅವನತ್ತ ಬೆರಳು ತೋರಿಸಿದೆ. ತರಗತಿ ನಕ್ಕಿತು, ನಾನೂ ನಕ್ಕೆ. ಅಂದಿನಿಂದ ಅವನಿಗೆ ಅದೇ ಹೆಸರಾಯಿತು. ಕೂಟದಲ್ಲಿ ಉಣ್ಣುವುದನ್ನು ಬಿಟ್ಟು ಬೇವಿನ ಗಿಡದ ಹಿಂದೆ ಕುಳಿತು ಬುತ್ತಿ ಬಿಚ್ಚತೊಡಗಿದ. ವಾರ್ಷಿಕೋತ್ಸವದ ನಾಟಕದಲ್ಲಿ ರಾಕ್ಷಸನ ಪಾತ್ರವನ್ನು ಅವನಿಗೇ ಕೊಟ್ಟೆವು. ಮಾತಿಲ್ಲದ ಪಾತ್ರ, ಗದೆ ತಾಗಿದೊಡನೆ ಬೀಳಬೇಕು. ಎರಡು ಸಲ ತಾಲೀಮಿಗೆ ಬಂದ. ಮರುವರ್ಷ ಶಾಲೆಗೇ ಬರಲಿಲ್ಲ. ಬಡತನ ಕಾರಣವೆಂದು ನಾನು ನನಗೆ ಹೇಳಿಕೊಂಡೆ, ಅದೂ ಸುಳ್ಳಲ್ಲ.

ಅಂದಿನ ನನ್ನ ಪಾಠದಲ್ಲಿ ಕಿರ್ಮೀರನಿರಲಿಲ್ಲ. ಇದ್ದಿದ್ದರೆ ಬೆರಳು ತೋರಿಸುತ್ತಿರಲಿಲ್ಲವೆಂದು ಪ್ರಮಾಣ ಮಾಡಲಾರೆ. ಆದರೆ ಆ ಹುಡುಗನಿಗೂ ಒಬ್ಬ ತಮ್ಮನಿದ್ದ, ಐದನೆಯ ತರಗತಿಯಲ್ಲಿ. ಅಣ್ಣನನ್ನು ಎಲ್ಲರೂ ಹಾಗೆ ಕರೆಯುವುದನ್ನು ಅವನು ದಿನಾಲೂ ಕೇಳುತ್ತಿದ್ದ ಎಂಬುದು ನನಗೆ ಹೊಳೆದದ್ದು ಈ ದೀಪಾವಳಿಯಲ್ಲಿ.

ಬೆಂಗಳೂರಿಗೆ ಹೊರಟವನನ್ನು ಕಳಿಸಲು ಹಾನಗಲ್ಲ ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಕೀಚಕನನ್ನು ಭೀಮ ಕೊಂದ ವಿರಾಟನಗರಿ ಇದೇ ಎಂಬ ಪ್ರತೀತಿಯನ್ನು ಹೇಳಿದರೆ, ಅವನು ಕೇಳಿದ್ದು ಬಕನ ಸೋದರನ ಕಥೆ. ಅರ್ಧ ಹೇಳುವಷ್ಟರಲ್ಲಿ ಬಸ್ಸು ಬಂತು. ಉಳಿದದ್ದನ್ನು ಫೋನಿನಲ್ಲಿ ಹೇಳುವುದೆಂದು ಮಾತಾಗಿದೆ. ವನಪರ್ವವನ್ನು ಅಟ್ಟದಿಂದ ಇಳಿಸಿ ಧೂಳು ಒರೆಸಿಟ್ಟಿದ್ದೇನೆ. ರವಿವಾರ ಸಂಜೆ ತಮ್ಮನೂ ಬರಲಿ.