ಒಂದು ಕೀಲಿ ತಗುಲಿದರೆ ಜನ್ಮದಿನಾಂಕ ಅಳಿಯಬೇಕೆ?

ಶಿವಮೊಗ್ಗ, ಭದ್ರಾವತಿಗಳ ತರಗತಿಗಳಲ್ಲಿ ನನ್ನೆದುರು ಕುಳಿತು ಓದಿದವರಲ್ಲಿ ಹಲವರು ಇಂದು ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ತಂತ್ರಾಂಶ ಬರೆಯುವ ವೃತ್ತಿಯಲ್ಲಿದ್ದಾರೆ. ಈ ದೂರು ಮುಖ್ಯವಾಗಿ ಅವರಿಗೆ.

ಎಕ್ಸೆಲ್ ಕೋಷ್ಟಕದಲ್ಲಿ ತುಂಬಿದ ಚೌಕವೊಂದರ ಮೇಲೆ ನಿಂತಿರುವಾಗ ಅಕಸ್ಮಾತ್ತಾಗಿ ಒಂದು ಕೀಲಿ ತಗುಲಿತೆನ್ನಿ. ಒಳಗಿದ್ದುದೆಲ್ಲ ಮಾಯವಾಗಿ ಆ ಒಂದೇ ಅಕ್ಷರ ಅಲ್ಲಿ ಕುಳಿತಿರುತ್ತದೆ. ಇದ್ದುದನ್ನು ಉಳಿಸಿಕೊಂಡು ತಿದ್ದಬೇಕಾದರೆ ಎಫ್ 2 ಒತ್ತಬೇಕು, ಇಲ್ಲವೇ ಮೌಸನ್ನು ಎರಡು ಸಲ ಒತ್ತಬೇಕು. ತಿದ್ದುವುದಕ್ಕಿಂತ ಅಳಿಸುವುದು ಸುಲಭ! ಕೂಡಲೇ ಎಸ್ಕೇಪ್ ಒತ್ತಿದರೆ ಹಳೆಯದು ಮರಳುತ್ತದೆ, ನಿಜ. ಆದರೆ ಆದದ್ದು ಕಣ್ಣಿಗೆ ಬಿದ್ದರೆ ತಾನೆ?

ನಮ್ಮ ಅಂಕವಹಿಗಳಲ್ಲಿ ಹೀಗಿರಲಿಲ್ಲ. ತಪ್ಪಾದ ಅಂಕದ ಮೇಲೆ ಕೆಂಪು ಶಾಯಿಯ ಒಂದು ಗೆರೆ, ಪಕ್ಕದಲ್ಲಿ ಸರಿಯಾದ ಅಂಕ, ಕೆಳಗೆ ಕಿರುಸಹಿ. ಹಳೆಯ ಅಂಕ ಗೆರೆಯಡಿಯಲ್ಲಿ ಓದುವಂತೆಯೇ ಉಳಿಯಬೇಕಿತ್ತು. (1936ರಲ್ಲಿ ಸ್ಥಾಪನೆಯಾದ, ಈಗ ಉತ್ಪಾದನೆ ನಿಂತಿರುವ ಭದ್ರಾವತಿಯ ಕಾಗದ ಕಾರ್ಖಾನೆಯನ್ನು ನೆನೆದು ನಿಟ್ಟುಸಿರಿಡಲು ಇದು ಸಮಯವಲ್ಲ.)

ನಮ್ಮ ಶಾಲೆಯ ನಿವೃತ್ತ ಜವಾನರೊಬ್ಬರ ಪಿಂಚಣಿ ಕಾಗದಗಳ ಸಲುವಾಗಿ ಅವರೊಡನೆ ಕಚೇರಿಯೊಂದಕ್ಕೆ ಹೋಗಿದ್ದೆ. ಅಲ್ಲಿನ ಕೋಷ್ಟಕದಲ್ಲಿ ಅವರ ಜನ್ಮದಿನಾಂಕ 07-01-1900! ಯಾರದೋ ಬೆರಳು 7ಕ್ಕೆ ತಗುಲಿದೆ. ದಿನಾಂಕದ ಚೌಕದಲ್ಲಿ ಬರಿಯ 7 ಉಳಿದರೆ ಎಕ್ಸೆಲ್ ಅದನ್ನು 1900ರ ಜನವರಿ 7 ಎಂದು ತೋರಿಸುತ್ತದೆ. ತಾನು ನೂರಿಪ್ಪತ್ತು ದಾಟಿದವನಲ್ಲವೆಂದು ಸಾಬೀತುಪಡಿಸಲು ಆ ವೃದ್ಧರು ಆರು ವಾರ ಅಲೆದರು.

"ಸಾರ್, ವೇಗವಾಗಿ ತುಂಬುವವರಿಗೆ ಅದೇ ಅನುಕೂಲ" ಎನ್ನುತ್ತೀರಿ. ಖಾಲಿ ಚೌಕದ ಮಟ್ಟಿಗೆ ಒಪ್ಪಿದೆ. ತುಂಬಿದ ಚೌಕಕ್ಕೂ ಅದೇ ನ್ಯಾಯವೇಕೆ? ಲಿಬ್ರೆ ಆಫೀಸಿನ ಕ್ಯಾಲ್ಕ್‌ನಲ್ಲಿ ಬೇರೆಡೆಯಿಂದ ನಕಲಿಸಿದ್ದನ್ನು ತುಂಬಿದ ಚೌಕದ ಮೇಲೆ ಅಂಟಿಸಹೋದರೆ ಎಚ್ಚರಿಕೆ ಬರುವ ಏರ್ಪಾಡಿದೆ. ಬೆರಳು ತಗುಲಿ ಅಳಿಸಿದರೆ ಅದೂ ಮೌನ. ಆಕ್ಸೆಸ್ ಈ ವಿಷಯದಲ್ಲಿ ಮೇಲು: ಚೌಕದೊಳಗೆ ಬಂದಾಗ ಇಡೀ ಬರಹ ಆಯ್ಕೆಯಾಗಬೇಕೆ, ತಿದ್ದುಗುರುತು ಮೊದಲಲ್ಲಿ ನಿಲ್ಲಬೇಕೆ, ಕೊನೆಯಲ್ಲೆ ಎಂದು ಬಳಸುವವನನ್ನೇ ಕೇಳುತ್ತದೆ.

ನನ್ನ ಸಿಟ್ಟಿಗೆ ನಿಜವಾದ ಕಾರಣ ಬೇರೆಯಿದೆ. ನೀವು ಡಾಟ್ ನೆಟ್‌ನಲ್ಲಿ ಕೋಷ್ಟಕ ಕಟ್ಟಲು ಬಳಸುವ ಡೇಟಾಗ್ರಿಡ್‌ವ್ಯೂ 2005ರಲ್ಲಿಯೇ ಬಂದಿತು. ಚೌಕ ತಿದ್ದುವಿಕೆಗೆ ತೆರೆದುಕೊಳ್ಳಲು ಅದರಲ್ಲಿ ಐದು ಬಗೆಗಳಿವೆ: ಒಳಬಂದೊಡನೆ, ಯಾವುದೇ ಕೀಲಿ ಒತ್ತಿದಾಗ, ಎಫ್ 2 ಒತ್ತಿದಾಗ ಮಾತ್ರ, ಕೀಲಿ ಅಥವಾ ಎಫ್ 2 ಎರಡರಿಂದಲೂ, ಇಲ್ಲವೇ ತಂತ್ರಾಂಶವೇ ಅಪ್ಪಣೆ ಕೊಟ್ಟಾಗ. ಮೊದಲೇ ಹೊಂದಿಸಿಟ್ಟಿರುವುದು ನಾಲ್ಕನೆಯದು. ನಿಮ್ಮಲ್ಲಿ ಬಹುಪಾಲು ಜನ ಅದನ್ನು ಮುಟ್ಟುವುದೇ ಇಲ್ಲ. ಐದು ಬಗೆಗಳ ಆಯ್ಕೆ ನಿಮ್ಮ ಕೈಯಲ್ಲಿರುವಾಗ, ದಿನವಿಡೀ ಆ ಚೌಕಗಳೊಡನೆ ಹೆಣಗುವ ಗುಮಾಸ್ತರಿಗೆ ಒಂದನ್ನೂ ದಾಟಿಸದಿರಲು ನಿಮಗೆ ಯಾರು ಅಧಿಕಾರ ಕೊಟ್ಟರು?

ಸೆಟ್ಟಿಂಗ್ಸ್‌ನ ಮೊದಲ ಪುಟದಲ್ಲಿಯೇ, ಮೂರು ಪದರಗಳಡಿ ಹುದುಗಿಸದೆ, "ತುಂಬಿದ ಚೌಕ ಹೇಗೆ ತೆರೆಯಬೇಕು?" ಎಂಬ ಒಂದು ಪ್ರಶ್ನೆಯನ್ನು ಕನ್ನಡದಲ್ಲಿ ಇಡಿ. ಉತ್ತರಗಳ ಪದಗಳನ್ನು ಬರೆದುಕೊಡಲು ನಾನು ಸಿದ್ಧನಿದ್ದೇನೆ; ಕಾಗುಣಿತ ತಿದ್ದುವುದನ್ನೂ ನನಗೇ ಬಿಡಿ.