ಒರಿಜಿನಲ್ ಪ್ರೆಸ್ಸಿಂಗ್ ಎಂಬ ಮಡಿ

ಹಳೇ ರೆಕಾರ್ಡ್ ಸಂಗ್ರಹಿಸುವವರ ಬಾಯಲ್ಲಿ ಒಂದು ಮಾತು ಪದೇ ಪದೇ ಬರುತ್ತೆ: "ಅಯ್ಯೋ, ಇದು ರೀಇಶ್ಯೂ, ಒರಿಜಿನಲ್ ಅಲ್ಲ." ಮುಖ ಸಿಂಡರಿಸೋದು ನೋಡಿದ್ರೆ ಯಾರೋ ಇವರ ಅಡುಗೆಮನೆಗೆ ಕಾಲಿಟ್ಟ ಹಾಗೆ! ಈ ಮಡಿಯ ಬಗ್ಗೆ ಇವತ್ತು ಸ್ವಲ್ಪ ಖಾರವಾಗಿಯೇ ಬರೀತೀನಿ.

ಯಾವ ಹಾಡುಗಳು ಅಂತ ಮೊದಲು ಹೇಳ್ತೀನಿ. ಎಂಬತ್ತರ ದಶಕದ ಆರಂಭದಲ್ಲಿ ಅಮೆರಿಕದ ಕಪ್ಪು ಸಂಗೀತಗಾರರು ಮಾಡಿದ ಫಂಕ್ ಮತ್ತು ಬೂಗಿ. ಡಿಸ್ಕೋ ಸತ್ತಿತು ಅಂತ ಬೇರೆಯವರು ಘೋಷಿಸಿದ ಮೇಲೂ ಈ ಜನ ನುಡಿಸ್ತಾ ಹೋದದ್ದೇ ಬೂಗಿ. ಡಿಸ್ಕೋಗಿಂತ ಕೊಂಚ ನಿಧಾನ, ವಾದ್ಯವೃಂದದ ಜಾಗದಲ್ಲಿ ಸಿಂಥಸೈಜರ್, ಹೊಟ್ಟೆಯೊಳಗೆ ಗುದ್ದೋ ಬೇಸ್. ಡಿ ಟ್ರೇನ್‌ನ 'ಯೂ ಆರ್ ದ ಒನ್ ಫಾರ್ ಮಿ' (1981), ಪೀಚ್ ಬಾಯ್ಸ್‌ನ 'ಡೋಂಟ್ ಮೇಕ್ ಮಿ ವೇಟ್' (1982) ಕೇಳಿ ನೋಡಿ, ಕಾಲು ಸುಮ್ಮನಿದ್ರೆ ಆಮೇಲೆ ಮಾತಾಡೋಣ. ಇವು ಬಂದದ್ದು ಹನ್ನೆರಡು ಇಂಚಿನ ಸಿಂಗಲ್‌ಗಳಾಗಿ. ದೊಡ್ಡ ತಟ್ಟೆಯ ಒಂದು ಬದಿಗೆ ಒಂದೇ ಹಾಡು ಇದ್ದಾಗ ಗೆರೆಗಳಿಗೆ ಜಾಗ ಸಿಗುತ್ತೆ, ಬೇಸ್ ತುಂಬಿ ಬರುತ್ತೆ.

ಇವನ್ನ ಈಗ ಮಾರುವವರು "ಕಳೆದುಹೋದ ರತ್ನಗಳು" ಅಂತಾರೆ. ಕಳೆದುಹೋದದ್ದಲ್ಲ ಸ್ವಾಮಿ, ಎಸೆದದ್ದು. 1979ರ ಜುಲೈ 12, ಷಿಕಾಗೋದ ಕಾಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನ. ಡಿಸ್ಕೋ ರೆಕಾರ್ಡ್ ಒಂದನ್ನು ತಂದವರಿಗೆ 98 ಸೆಂಟಿಗೆ ಟಿಕೆಟ್. ತಂದದ್ದನ್ನೆಲ್ಲ ಮೈದಾನದಲ್ಲಿ ರಾಶಿ ಹಾಕಿ ಸಿಡಿಸಿದರು, ಸಾವಿರಾರು ಜನ ಕೂಗುತ್ತಾ ಒಳಗೆ ನುಗ್ಗಿದರು. ಆ ದಿನ ಅಲ್ಲಿ ಕೆಲಸಕ್ಕಿದ್ದ ಕಪ್ಪು ಹುಡುಗ ವಿನ್ಸ್ ಲಾರೆನ್ಸ್ ಮುಂದೆ ಹೌಸ್ ಸಂಗೀತ ಕಟ್ಟಿದವರಲ್ಲಿ ಒಬ್ಬರಾದರು. ಜನ ತಂದಿದ್ದು ಬರೀ ಡಿಸ್ಕೋ ಅಲ್ಲ, ಕಪ್ಪು ಜನರದ್ದು ಅಂತ ಕಂಡ ರೆಕಾರ್ಡುಗಳನ್ನೂ ತಂದಿದ್ದರು ಅಂತ ಅವರೇ ಹೇಳಿದ್ದಾರೆ. ಆಮೇಲೆ ರೇಡಿಯೋಗಳು ದೂರ ಸರಿದವು. ಬೂಗಿಯನ್ನ ಸಾಕಿದ್ದು ಕ್ಲಬ್ಬುಗಳು, ಪ್ರಿಲ್ಯೂಡ್, ವೆಸ್ಟ್ ಎಂಡ್‌ನಂಥ ನ್ಯೂಯಾರ್ಕಿನ ಸಣ್ಣ ಕಂಪನಿಗಳು. 1981ರಲ್ಲಿ ಶುರುವಾದ ಎಂಟಿವಿ ಮೊದಮೊದಲು ಕಪ್ಪು ಕಲಾವಿದರನ್ನು ತೋರಿಸಿದ್ದೇ ಅಪರೂಪ. ರಿಕ್ ಜೇಮ್ಸ್ ಇದನ್ನ ಬಹಿರಂಗವಾಗಿಯೇ ಪ್ರಶ್ನಿಸಿದ್ದ. 1982ರಲ್ಲಿ ಬಿಲ್‌ಬೋರ್ಡ್ ಪತ್ರಿಕೆ ತನ್ನ ಸೋಲ್ ಪಟ್ಟಿಗೆ 'ಬ್ಲ್ಯಾಕ್ ಸಿಂಗಲ್ಸ್' ಅಂತಲೇ ಹೆಸರಿಟ್ಟಿತು. ಹೋಟೆಲ್ಲಿನ ಬೇರೆ ಲೋಟ ನೆನಪಾಯ್ತಾ? ನನಗೂ.

ಈಗ ದುಡ್ಡಿನ ವಿಷಯ. ಅಪರೂಪದ ಒರಿಜಿನಲ್ ತಟ್ಟೆ ನೂರಾರು ಡಾಲರಿಗೆ ಮಾರಾಟ ಆಗುತ್ತೆ. ಅದರಲ್ಲಿ ಹಾಡಿದವರಿಗೆ, ಬೇಸ್ ನುಡಿಸಿದವರಿಗೆ ಎಷ್ಟು? ಸೊನ್ನೆ. ಸೆಕೆಂಡ್ ಹ್ಯಾಂಡ್ ಮಾರಾಟದಲ್ಲಿ ಅಮೆರಿಕದ ಕಾನೂನು ಅವರಿಗೆ ಪಾಲೇ ಇಟ್ಟಿಲ್ಲ. ಅಲ್ಲಿನ ಎಫ್‌ಎಂ ರೇಡಿಯೋ ಅದೇ ಹಾಡನ್ನ ದಿನಾ ಹಾಕಿದ್ರೂ ಅಷ್ಟೇ. ಬರೆದವರ ಪಾಲಿಗೆ ಹಣ ಉಂಟು, ಹಾಡಿದವರಿಗೆ, ನುಡಿಸಿದವರಿಗೆ ಇಲ್ಲ. ನೀವು ಮುಖ ಸಿಂಡರಿಸೋ ರೀಇಶ್ಯೂ ಇದೆಯಲ್ಲ, ಅದನ್ನ ಲೈಸೆನ್ಸ್ ತಗೊಂಡು ಒತ್ತಿಸಿದ್ರೆ ರಾಯಲ್ಟಿ ಲೆಕ್ಕ ಶುರುವಾಗುತ್ತೆ. ಅಂದ್ರೆ ಮೈಲಿಗೆ ಅಂತ ನೀವು ಬದಿಗಿಟ್ಟ ತಟ್ಟೆಯಲ್ಲೇ ಅವರ ಅನ್ನ ಇರೋದು.

ಹಾಗಂತ ಎಲ್ಲ ರೀಇಶ್ಯೂನೂ ಸಾಚಾ ಅಲ್ಲ. ಕದ್ದು ಒತ್ತಿಸೋ ಬೂಟ್‌ಲೆಗ್ ಇದೆ, ಅದರಲ್ಲಿ ಕಲಾವಿದರಿಗೆ ಬಿಡಿಗಾಸೂ ಇಲ್ಲ. ಲೈಸೆನ್ಸ್ ಇದ್ದರೂ 'ಹಕ್ಕುದಾರ' ಅಂದ್ರೆ ಯಾರು? ಸಹಿ ಹಾಕಿಸಿಕೊಂಡ ಕಂಪನಿ ಮುಚ್ಚುತ್ತೆ, ಮಾಸ್ಟರ್ ಟೇಪು ಇನ್ನೊಬ್ಬನಿಗೆ ಹೋಗುತ್ತೆ, ಅವನಿಂದ ಮತ್ತೊಬ್ಬನಿಗೆ. ಥೇಟ್ ನಮ್ಮ ಪಹಣಿ. ಎಲ್ಲರ ಹೆಸರೂ ಇರುತ್ತೆ, ಉತ್ತವನದ್ದು ಬಿಟ್ಟು.

ಅಮೆರಿಕದ 1976ರ ಕಾಪಿರೈಟ್ ಕಾಯ್ದೆಯಲ್ಲಿ ಒಂದು ಕಿಂಡಿ ಇದೆ. 1978ರಿಂದೀಚೆಗೆ ಬರೆದುಕೊಟ್ಟ ಹಕ್ಕನ್ನ 35 ವರ್ಷ ಆದಮೇಲೆ, ಮೊದಲೇ ನೋಟಿಸ್ ಕೊಟ್ಟು, ವಾಪಸ್ ಪಡೀಬಹುದು. ವಿಲೇಜ್ ಪೀಪಲ್‌ನ ಮುಖ್ಯ ಗಾಯಕ ವಿಕ್ಟರ್ ವಿಲ್ಲಿಸ್ ತಾನು ಬರೆದ ಹಾಡುಗಳ ಪಾಲಿಗಾಗಿ 2012ರಲ್ಲಿ ಕೋರ್ಟಲ್ಲಿ ಗೆದ್ದ. ಬೂಗಿ ಹಾಡುಗಳೂ ಈಗ ಆ ಗಡುವು ದಾಟಿವೆ. ಆದರೆ ರೆಕಾರ್ಡಿಂಗ್ ವಿಷಯಕ್ಕೆ ಬಂದಾಗ ಕಂಪನಿಗಳ ವಾದವೇ ಬೇರೆ: ಅದು ಕೂಲಿಗೆ ಮಾಡಿದ ಕೆಲಸ, ಹಕ್ಕು ನಮ್ಮದೇ. ಈ ವಾದ ನಾವು ಕೇಳದ್ದಾ? ತಮಟೆ ಬಡಿದವನಿಗೆ ಒಂದಿಷ್ಟು ಕಾಸು, ಮೆರವಣಿಗೆಯ ಗೌರವ ಊರ ಯಜಮಾನರಿಗೆ. ಸದ್ದು ಬೇಕು, ಸದ್ದು ಮಾಡಿದ ಕೈ ಬೇಡ.

ಅಮೆರಿಕದ ಹಾಡು ನಿಮಗ್ಯಾಕ್ರೀ ಅಂತ ಕೆಲವರು ಕಾಮೆಂಟಲ್ಲಿ ಕೇಳೇ ಕೇಳ್ತಾರೆ. 1946ರಲ್ಲಿ ಬಾಬಾಸಾಹೇಬರು ಡಬ್ಲ್ಯು.ಇ.ಬಿ. ಡು ಬಾಯ್ಸ್ ಅವರಿಗೆ ಪತ್ರ ಬರೆದು, ಅಲ್ಲಿನ ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿದ್ದರು. ನೆಂಟಸ್ತನ ಹಳೇದು.

ಸಂಗ್ರಹಿಸಬೇಡಿ ಅಂತ ನಾನು ಹೇಳ್ತಿಲ್ಲ, ನನಗೂ ಈ ಹುಚ್ಚಿದೆ. ಕೊಳ್ಳೋ ಮುಂಚೆ ಕವರ್ ತಿರುಗಿಸಿ ನೋಡಿ. ಲೈಸೆನ್ಸ್ ಯಾರಿಂದ ಅಂತ ಬರೆದಿದೆಯಾ? ಇಲ್ಲದಿದ್ರೆ ಮಾರುವವರನ್ನೂ ಲೇಬಲ್‌ನವರನ್ನೂ ಕೇಳಿ: ಹಾಡಿದವರಿಗೆ ಎಷ್ಟು ಹೋಗುತ್ತೆ? ಉತ್ತರ ಕೊಡದಿದ್ರೆ ಅಲ್ಲೇ ಇಟ್ಟು ಬನ್ನಿ. ಇನ್ನು ಒರಿಜಿನಲ್ ತಟ್ಟೆಯ ಫೋಟೋ ಹಾಕಿ ಬೆಲೆ ಬರೆಯೋ ಮಿತ್ರರೇ, ಪಕ್ಕದಲ್ಲಿ ಹೆಸರುಗಳನ್ನೂ ಬರೀರಿ. ಡಿ ಟ್ರೇನ್ ಅಂದ್ರೆ ಜೇಮ್ಸ್ ವಿಲಿಯಮ್ಸ್ ಅವರ ದನಿ, ಹ್ಯೂಬರ್ಟ್ ಈವ್ಸ್ ಅವರ ಕೀಬೋರ್ಡ್. ಪೀಚ್ ಬಾಯ್ಸ್ ಹಾಡಲ್ಲಿ ಕೇಳೋದು ಬರ್ನಾರ್ಡ್ ಫೌಲರ್ ಅವರ ದನಿ.

ಜೈ ಭೀಮ್.